ಆರಿದ್ರಾ ಮಳೆಗೂ ಸಾಯದ ಇಂಟರ್ನೆಟ್: ಶಿರಸಿ ಕಡೆಯ ಹಳ್ಳಿಮನೆಗೆ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ನೆಟ್ ಇಲ್ಲವೇ ಇಲ್ಲ ಅನ್ನುವ ಕಾಲ ಬಹುಪಾಲು ಹೋಯಿತು. ಎಷ್ಟೋ ಊರಿಗೆ ಫೈಬರ್ ಬಂದಿದೆ, ಗುಡ್ಡದ ಮೇಲೆ ಟವರ್ ಎದ್ದಿದೆ. ಈಗಿನ ತಲೆನೋವೇ ಬೇರೆ. ಬಂದದ್ದು ಉಳಿಯುವುದಿಲ್ಲ. ಫೆಬ್ರವರಿಯಲ್ಲಿ 100 ಎಂಬಿಪಿಎಸ್ ತೋರಿಸಿದ ಲೈನು ಜುಲೈನಲ್ಲಿ ದಿನಗಟ್ಟಲೆ ಕೆಂಪು ದೀಪ ಹಚ್ಚಿಕೊಂಡು ಕೂರುತ್ತದೆ. ಸಿಟ್ಟು ಬಂದು ಕಂಪನಿ ಬದಲಿಸುತ್ತೇವೆ. ಹೊಸ ಕಂಪನಿಯ ಕೇಬಲ್ಲೂ ಅದೇ ಕಂಬ, ಅದೇ ಮರ, ಅದೇ ಹಳ್ಳ ದಾಟಿ ಬರುತ್ತದೆ. ಮತ್ತೆ ಅದೇ ಕಥೆ.

ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು: ಪ್ಲಾನನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ಕೇಬಲ್ ಬರುವ ದಾರಿ ಮತ್ತು ಅದರ ಎರಡೂ ತುದಿಯ ಕರೆಂಟು. ಇವೆರಡು ಗಟ್ಟಿ ಇದ್ದರೆ ಯಾವ ಕಂಪನಿಯಾದರೂ ನಡೆಯುತ್ತದೆ. ಇಲ್ಲದಿದ್ದರೆ ಯಾವ ಕಂಪನಿಯೂ ನಡೆಯುವುದಿಲ್ಲ.

ಇಲ್ಲಿರುವುದು ಘಟ್ಟದ ಮೇಲಿನ ತೋಟದ ಮನೆಗಳನ್ನು ತಲೆಯಲ್ಲಿಟ್ಟುಕೊಂಡು ಬರೆದದ್ದು. ಕುಮಟಾ, ಅಂಕೋಲಾ, ಕಾರವಾರದ ಕಡೆಯವರಿಗೂ ಬಹಳಷ್ಟು ಒಪ್ಪುತ್ತದೆ. ಅಲ್ಲಿ ಮರದ ಕಾಟ ಸ್ವಲ್ಪ ಕಡಿಮೆ, ಉಪ್ಪುಗಾಳಿಯ ಕಾಟ ಜಾಸ್ತಿ, ಅಷ್ಟೇ.

ಹಂತ 1: ಎಷ್ಟು ಬೇಕು?

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ವಿಡಿಯೊ ಮೀಟಿಂಗ್‌ಗೆ ಡೌನ್‌ಲೋಡ್ 3ರಿಂದ 4 ಎಂಬಿಪಿಎಸ್, ಅಪ್‌ಲೋಡೂ ಅಷ್ಟೇ. ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್. ಮನೆಯಲ್ಲಿ ಇಬ್ಬರು ವರ್ಕ್ ಫ್ರಂ ಹೋಮ್ ಮಾಡುತ್ತಾ ಮೂರನೆಯವರು ಟಿವಿ ನೋಡಿದರೂ 30 ಎಂಬಿಪಿಎಸ್ ಲೈನು ಧಾರಾಳ. 300 ಎಂಬಿಪಿಎಸ್ ಪ್ಲಾನಿಗೆ ಸುರಿಯುವ ದುಡ್ಡನ್ನು ಬ್ಯಾಟರಿಗೆ ಹಾಕಿ.

ಇನ್ನೊಂದು ಕಡೆಯಿಂದಲೂ ಹುಷಾರಾಗಿರಿ. 2023ರಿಂದ ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಬಂದರೂ ಅದು ಬ್ರಾಡ್‌ಬ್ಯಾಂಡೇ. ಅದಕ್ಕೂ ಮೊದಲು 512 ಕೆಬಿಪಿಎಸ್ ಇದ್ದರೆ ಸಾಕಿತ್ತು! ಕಾಗದದಲ್ಲಿ ಬ್ರಾಡ್‌ಬ್ಯಾಂಡ್ ಸಿಕ್ಕಿತು ಅಂತ ಖುಷಿಪಡುವ ಮೊದಲು ಯಾರದ್ದಾದರೂ ಮನೆಯಲ್ಲಿ ಸಂಜೆ ಏಳರಿಂದ ಒಂಬತ್ತರ ನಡುವೆ ವೇಗ ಅಳೆದು ನೋಡಿ. ಊರಿಗೆ ಊರೇ ಮೊಬೈಲ್ ಹಿಡಿದು ಕೂತಿರುವ ಹೊತ್ತು ಅದು. ಆಗ ಬಂದದ್ದೇ ನಿಜವಾದ ವೇಗ.

ಹಂತ 2: ಊರಲ್ಲಿ ಏನಿದೆ, ಅದು ಎಲ್ಲಿಂದ ಬಂದಿದೆ?

ಭಾರತ್‌ನೆಟ್ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಗುರಿ ಗ್ರಾಮ ಪಂಚಾಯ್ತಿಗಳ ತನಕ ಫೈಬರ್ ಎಳೆಯುವುದು. ನಿಮ್ಮ ಪಂಚಾಯ್ತಿ ಕಚೇರಿಗೆ ಅದು ಬಂದಿರಬಹುದು. ಆದರೆ ಪಂಚಾಯ್ತಿ ಕಚೇರಿಯಿಂದ ನಿಮ್ಮ ಅಂಗಳಕ್ಕೆ ನಾಲ್ಕು ಕಿಲೋಮೀಟರ್ ಬೆಟ್ಟ ಇದ್ದರೆ? ಆ ನಾಲ್ಕು ಕಿಲೋಮೀಟರೇ ಎಲ್ಲ ಗೋಳಿನ ಮೂಲ. ಹಳ್ಳಿಗಳಲ್ಲಿ ಆ ಕೊನೆಯ ದಾರಿಗೆ ಕೇಬಲ್ ಎಳೆಯುವವರು ಸಾಮಾನ್ಯವಾಗಿ ಸ್ಥಳೀಯ ಕೇಬಲ್ ಆಪರೇಟರುಗಳು. ಬಿಎಸ್‌ಎನ್‌ಎಲ್ ಫೈಬರ್ ಕೂಡ ಅನೇಕ ಕಡೆ ಇಂಥ ಪಾಲುದಾರರ ಕೈಯಿಂದಲೇ ಮನೆಗೆ ಬರುತ್ತದೆ. ಹಾಗಾಗಿ ಬಿಲ್ಲಿನ ಮೇಲೆ ಯಾರ ಹೆಸರಿದೆ ಅನ್ನುವುದಕ್ಕಿಂತ ಏಣಿ ಹತ್ತುವವರು ಯಾರು ಅಂತ ವಿಚಾರಿಸಿ.

ವಿಚಾರಿಸುವುದು ಎಲ್ಲಿ? ಮಾರುವವರ ಹತ್ತಿರ ಕೇಳಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಊರಿನ ಸೇವಾ ಸಹಕಾರಿ ಸಂಘಕ್ಕೆ ಹೋಗಿ. ಸೊಸೈಟಿಯಲ್ಲಿ ದಿನವಿಡೀ ಕಂಪ್ಯೂಟರ್ ನಡೆಯಬೇಕು. ಯಾವ ಲೈನು ಮಳೆಗಾಲದಲ್ಲಿ ಎಷ್ಟು ದಿನ ಮಲಗಿತ್ತು ಅಂತ ಅಲ್ಲಿಯ ಗುಮಾಸ್ತರಿಗೆ ಬಾಯಿಪಾಠ ಇರುತ್ತದೆ. ಹಾಲಿನ ಡೇರಿ, ಬ್ಯಾಂಕಿನ ಶಾಖೆ, ಶಾಲೆಯ ಮೇಷ್ಟ್ರು, ಇವರೂ ಆಗುತ್ತದೆ. ಕೇಳುವ ಪ್ರಶ್ನೆ ‘ಸ್ಪೀಡ್ ಎಷ್ಟು’ ಅಂತ ಅಲ್ಲ. ‘ಹೋದ ಆಷಾಢದಲ್ಲಿ ಎಷ್ಟು ದಿನ ಬಂದ್ ಇತ್ತು, ಫೋನ್ ಮಾಡಿದರೆ ಯಾರು ಬಂದರು’ ಅಂತ ಕೇಳಿ.

ಆಪರೇಟರ್ ಹತ್ತಿರ ಕೇಳಬೇಕಾದ್ದು ಬೇರೆ. ಓಎಲ್‌ಟಿ ಎಲ್ಲಿದೆ? ಫೈಬರ್ ಮೂಲಕ ನಿಮ್ಮ ಮನೆಗೆ ಬೆಳಕು ಕಳಿಸುವ ಪೆಟ್ಟಿಗೆ ಅದು. ಅದು ಪೇಟೆಯ ಎಕ್ಸ್‌ಚೇಂಜಿನಲ್ಲಿ ಇರಬಹುದು, ಯಾರದ್ದೋ ಕಿರಾಣಿ ಅಂಗಡಿಯ ಅಟ್ಟದ ಮೇಲೂ ಇರಬಹುದು. ಅದಕ್ಕೆ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ? ಜನರೇಟರ್ ಇದೆಯಾ? ಇದಕ್ಕೆ ನೆಟ್ಟಗೆ ಉತ್ತರ ಕೊಡುವ ಆಪರೇಟರ್ ಸಿಕ್ಕರೆ ಅರ್ಧ ಕೆಲಸ ಆಯಿತು ಅಂದುಕೊಳ್ಳಿ.

ನಮ್ಮ ಕಡೆ ಮನೆಗಳು ದೂರ ದೂರ. ಒಂದೇ ಮನೆಗೆ ಎರಡು ಕಿಲೋಮೀಟರ್ ಕೇಬಲ್ ಎಳೆಯಲು ಯಾರಿಗೂ ಗಿಟ್ಟುವುದಿಲ್ಲ. ಕೇರಿಯ ಐದಾರು ಮನೆಯವರು ಒಟ್ಟಿಗೆ ಹೋಗಿ ಕೇಳಿ. ಕೇಬಲ್ ಖರ್ಚಿನಲ್ಲಿ ಪಾಲು ಹಾಕುತ್ತೇವೆ ಅನ್ನಿ. ಬದಲಿಗೆ ಕೇಬಲ್ ಯಾವುದು, ದಾರಿ ಯಾವುದು ಅನ್ನುವುದನ್ನು ನೀವೂ ಸೇರಿ ತೀರ್ಮಾನಿಸಬೇಕು ಅಂತ ಷರತ್ತು ಹಾಕಿ. ದುಡ್ಡು ಕೊಡುವಾಗ ಮಾತ್ರ ನಮ್ಮ ಮಾತಿಗೆ ಬೆಲೆ. ಆಮೇಲೆ ಇರುವುದಿಲ್ಲ.

ಹಂತ 3: ಕೇಬಲ್ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿ

ಇದು ಇಡೀ ಕೆಲಸದಲ್ಲಿ ಮುಖ್ಯವಾದ ಹಂತ. ಬಹಳ ಜನ ಇದನ್ನು ಮಾಡುವುದೇ ಇಲ್ಲ.

ಆಪರೇಟರ್ ಕಡೆಯ ಹುಡುಗರು ಬಂದ ದಿನ ಅವರ ಜೊತೆ ನಡೆಯಿರಿ. ಅವರಿಗೆ ಅಡ್ಡದಾರಿ ಇಷ್ಟ. ತೋಟದ ನಡುವೆ, ಸೊಪ್ಪಿನ ಬೆಟ್ಟದ ಮೇಲೆ ನೇರ ಎಳೆದರೆ 300 ಮೀಟರ್ ಕೇಬಲ್ ಉಳಿಯುತ್ತದೆ. ಆದರೆ ಅಲ್ಲಿ ಒಣಕೊಂಬೆ ಬೀಳುತ್ತದೆ, ಅಡಿಕೆ ಸೋಗೆ ಬೀಳುತ್ತದೆ, ಕೊನೆ ಕೊಯ್ಯುವಾಗ ಹಗ್ಗ ಸಿಕ್ಕಿಕೊಳ್ಳುತ್ತದೆ. ಬಿದ್ದ ಮೇಲೆ ರಾತ್ರಿ ಆ ಬೆಟ್ಟದೊಳಗೆ ಏಣಿ ಹೊತ್ತು ಬರುವವರು ಯಾರು? ರಸ್ತೆ ಬದಿಯಲ್ಲೇ ಬರಲಿ. ಉದ್ದ ಜಾಸ್ತಿ ಆದರೂ ಪರವಾಗಿಲ್ಲ. ಫೈಬರಿನಲ್ಲಿ ಒಂದು ಕಿಲೋಮೀಟರಿಗೆ ಕಳೆದುಹೋಗುವ ಬೆಳಕು ಅರ್ಧ ಡಿಬಿಗಿಂತಲೂ ಕಡಿಮೆ (ಬೆಳಕಿನ ನಷ್ಟ ಅಳೆಯುವ ಲೆಕ್ಕ ಡಿಬಿ). ಒಂದು ಕೆಟ್ಟ ಜಾಯಿಂಟ್ ಅದಕ್ಕಿಂತ ಹೆಚ್ಚು ತಿನ್ನುತ್ತದೆ.

ರಸ್ತೆ ಬದಿಯಲ್ಲೂ ಒಂದು ಶತ್ರು ಇದೆ: ಜೆಸಿಬಿ. ರಸ್ತೆ ಅಗಲ ಮಾಡುವ ಕೆಲಸ, ಚರಂಡಿ, ಕುಡಿಯುವ ನೀರಿನ ಪೈಪು, ಎಲ್ಲಕ್ಕೂ ಅಗೆತ ಇದ್ದದ್ದೇ. ಅಗೆಯುವ ಮೊದಲು ಕೇಬಲ್ ಕಂಪನಿಗಳಿಗೆ ತಿಳಿಸಲು ‘ಕಾಲ್ ಬಿಫೋರ್ ಯು ಡಿಗ್’ ಅನ್ನುವ ಆ್ಯಪ್ 2023ರ ಮಾರ್ಚಿನಲ್ಲಿ ಬಂತು. ಹಳ್ಳಿಯ ಜೆಸಿಬಿ ಡ್ರೈವರಿಗೆ ಅದರ ಸುದ್ದಿ ಮುಟ್ಟಿದೆಯೋ ಇಲ್ಲವೋ, ನೀವೇ ಹೋಗಿ ‘ಇಲ್ಲಿ ಕೇಬಲ್ ಇದೆ ಮಾರಾಯ’ ಅಂದರೆ ಬೇಗ ಕೆಲಸ ಆಗುತ್ತದೆ. ನಿಮ್ಮ ಗೇಟಿನಿಂದ ಮನೆಯ ತನಕ ನೆಲದೊಳಗೆ ಹಾಕುವುದಾದರೆ ಪಿವಿಸಿ ಅಥವಾ ಎಚ್‌ಡಿಪಿಇ ಪೈಪಿನೊಳಗೆ ಹಾಕಿ. ಬರೀ ಮಣ್ಣಿನಲ್ಲಿ ಹೂತರೆ ಇಲಿ ಹೆಗ್ಗಣ ಬಿಡುವುದಿಲ್ಲ. ಪೈಪಿನ ಎರಡೂ ಬಾಯಿ ಮುಚ್ಚಬೇಕು.

ಕೇಬಲ್ ಎರಡು ಬಗೆ. ಒಂದರಲ್ಲಿ ಬಲಕ್ಕೆ ಕಬ್ಬಿಣದ ತಂತಿ ಇರುತ್ತದೆ, ಇನ್ನೊಂದರಲ್ಲಿ ಎಫ್‌ಆರ್‌ಪಿ ಅನ್ನುವ ನಾರಿನ ಕಡ್ಡಿ. ಮನೆಗೆ ಬರುವ ಕೊನೆಯ ತುಂಡಿಗೆ ಎಫ್‌ಆರ್‌ಪಿಯನ್ನೇ ಕೇಳಿ. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಜೊತೆಗಿರುವ ಕಬ್ಬಿಣದ ತಂತಿಯಲ್ಲಿ ಹರಿಯುತ್ತದೆ. ಸಿಡಿಲು ಹೊಡೆದಾಗಲೂ, ಹೆಸ್ಕಾಂ ಲೈನ್ ಹರಿದು ಮೇಲೆ ಬಿದ್ದಾಗಲೂ ಅದು ನೇರ ನಿಮ್ಮ ಜಗಲಿಗೆ ಬಂದು ಮುಟ್ಟುತ್ತದೆ. ಕಬ್ಬಿಣದ ತಂತಿಯದ್ದೇ ಹಾಕಿಯಾಗಿದ್ದರೆ ಮನೆಗೆ ಕೆಲವು ಅಡಿ ಮೊದಲೇ ಆ ತಂತಿಯನ್ನು ಕತ್ತರಿಸಿ ಕೊಕ್ಕೆಗೆ ಕಟ್ಟಿ, ಬರೀ ಫೈಬರ್ ಒಳಗೆ ತರಲು ಹೇಳಿ.

ಮರಕ್ಕೆ ಕಟ್ಟಲೇಬೇಕಾದರೆ ಬಿಗಿಯಾಗಿ ಎಳೆಯಬಾರದು. ಮರ ಗಾಳಿಗೆ ತೂಗುತ್ತದೆ, ಕೇಬಲ್ ತೂಗುವುದಿಲ್ಲ. ಪ್ರತಿ ಮರದ ಹತ್ತಿರ ಸ್ವಲ್ಪ ಸಡಿಲ ಇರಲಿ. ಮಂಗ ಜೋತಾಡಿದರೂ ಸಡಿಲ ಇದ್ದ ಕೇಬಲ್ ಬೇಗ ಹರಿಯುವುದಿಲ್ಲ. ಮನೆಯ ಹತ್ತಿರ ಹತ್ತಿಪ್ಪತ್ತು ಮೀಟರ್ ಹೆಚ್ಚುವರಿ ಕೇಬಲ್ ಸುತ್ತಿ ಇಡಿಸಿ. ಕಡಿದಾಗ ಎಳೆದು ಜೋಡಿಸಲು ಅದೇ ಬೇಕು.

ಇನ್ನು ಜಾಯಿಂಟ್ ಪೆಟ್ಟಿಗೆ. ನಮ್ಮ ಕೇರಿಯ ತುದಿಯಲ್ಲಿ ಒಂದು ಪೆಟ್ಟಿಗೆಯನ್ನು ಹಲಸಿನ ಮರಕ್ಕೆ ಕಟ್ಟಿದ್ದರು. ಕೇಬಲ್ ಮೇಲಿನಿಂದ ನೇರ ಪೆಟ್ಟಿಗೆಯ ತಲೆಯ ತೂತಿಗೆ ಇಳಿದಿತ್ತು. ಮಳೆನೀರು ಕೇಬಲ್ ಗುಂಟ ಇಳಿದು ಒಳಗೇ ಹೋಗುತ್ತಿತ್ತು. ಮುಚ್ಚಳ ತೆಗೆದಾಗ ತಳದಲ್ಲಿ ಎರಡು ಬೆರಳು ನೀರು, ಅದರ ಮೇಲೆ ತೇಲುವ ಸತ್ತ ಇರುವೆ, ಜೋಡಣೆ ಮುಚ್ಚುವ ಪ್ಲಾಸ್ಟಿಕ್ ಕೊಳವೆಯ ಮೇಲೆ ಹಸಿರು ಪಾಚಿ. ಲೈನು ಪೂರ್ತಿ ಸತ್ತಿರಲಿಲ್ಲ, ಮಳೆ ಜೋರಾದಾಗ ಸಾಯುವುದು, ಬಿಸಿಲು ಬಂದರೆ ಬದುಕುವುದು. ಮಾಡಿದ ರಿಪೇರಿ ಇಷ್ಟೇ: ಪೆಟ್ಟಿಗೆಯನ್ನು ತಿರುಗಿಸಿ ತೂತು ಕೆಳಗೆ ಬರುವಂತೆ ಕಟ್ಟಿದರು. ಕೇಬಲ್ ಪೆಟ್ಟಿಗೆಗಿಂತ ಒಂದು ಅಡಿ ಕೆಳಗೆ ಇಳಿದು, ಬಾಗಿ, ಮತ್ತೆ ಮೇಲೆ ಹತ್ತಿ ಒಳಗೆ ಹೋಗುವಂತೆ ಮಾಡಿದರು. ನೀರು ಆ ಬಾಗಿನಿಂದ ತೊಟ್ಟಿಕ್ಕಿ ನೆಲಕ್ಕೆ ಹೋಗುತ್ತದೆ. ನಿಮ್ಮ ಗೋಡೆಯ ತೂತಿನಲ್ಲೂ ಇದೇ ಬಾಗು ಇರಲಿ. ತೂತನ್ನು ಒಳಗಿನಿಂದ ಹೊರಗೆ ಇಳಿಜಾರಾಗಿ ಕೊರೆಯಿಸಿ.

ಕರಾವಳಿಯವರು ಪೆಟ್ಟಿಗೆಯ ಸ್ಕ್ರೂ, ಕ್ಲ್ಯಾಂಪು, ಕೊಕ್ಕೆಗಳನ್ನು ಒಮ್ಮೆ ನೋಡಿ. ಅಗ್ಗದ ಕಬ್ಬಿಣ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಕಳಚುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ, ಖರ್ಚೇನೂ ದೊಡ್ಡದಲ್ಲ.

ಹಂತ 4: ಮೊದಲ ದಿನವೇ ಒಂದು ಸಂಖ್ಯೆ ಬರೆದಿಡಿ

ಲೈನ್ ಜೋಡಿಸಿದ ದಿನ ಹುಡುಗರ ಹತ್ತಿರ ಪವರ್ ಮೀಟರ್ ಇರುತ್ತದೆ. ಎಷ್ಟು ಡಿಬಿಎಂ ಬರುತ್ತಿದೆ ಅಂತ ಕೇಳಿ. ಮನೆಗೆ ಮುಟ್ಟುವ ಬೆಳಕಿನ ಬಲದ ಅಳತೆ ಅದು. ಮೈನಸ್ 18, ಮೈನಸ್ 21 ಹೀಗೆ ಏನೋ ಹೇಳುತ್ತಾರೆ. ಮೈನಸ್ ಮುಂದಿನ ಅಂಕೆ ದೊಡ್ಡದಾದಷ್ಟೂ ಬೆಳಕು ಕಡಿಮೆ. 3 ಡಿಬಿ ಕುಸಿದರೆ ಬೆಳಕು ಅರ್ಧ ಆಯಿತು ಅಂತ ಅರ್ಥ. ಮೈನಸ್ 15ರಿಂದ 24ರ ನಡುವೆ ಇದ್ದರೆ ಆರಾಮ. ಮೈನಸ್ 27ಕ್ಕೆ ಬಂದರೆ ಅಂಚಿನಲ್ಲಿ ನಿಂತ ಹಾಗೆ. ಬೇಸಿಗೆಯಲ್ಲೇ ಮೈನಸ್ 26 ಇರುವ ಲೈನನ್ನು ‘ಈಗ ನಡೀತಾ ಇದೆಯಲ್ಲ’ ಅಂತ ಒಪ್ಪಿಕೊಳ್ಳಬೇಡಿ. ಜಾಯಿಂಟ್ ಸರಿಮಾಡಿಸಿ ಆಮೇಲೆ ದುಡ್ಡು ಕೊಡಿ.

ಮೀಟರ್ ಇಲ್ಲದೆಯೂ ಈ ಸಂಖ್ಯೆ ನೋಡಬಹುದು. ವೈಫೈಗೆ ಸೇರಿ, ಬ್ರೌಸರಿನಲ್ಲಿ 192.168.1.1 ಅಂತ ಹೊಡೆಯಿರಿ. ಬಹಳಷ್ಟು ಮೋಡೆಮ್‌ಗಳ ವಿಳಾಸ ಇದೇ. ವಿಳಾಸ ಮತ್ತು ಪಾಸ್‌ವರ್ಡ್ ಮೋಡೆಮ್ ತಳದ ಚೀಟಿಯಲ್ಲಿ ಇರುತ್ತದೆ. ಒಳಗೆ ಆಪ್ಟಿಕಲ್ ಅಥವಾ ಪಾನ್ ಅನ್ನುವ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಇರುತ್ತದೆ, ಅಂದರೆ ಮೋಡೆಮ್‌ಗೆ ಬಂದು ಮುಟ್ಟುವ ಬೆಳಕು. ಅದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ನೋಡಿ. ಮೇ ತಿಂಗಳಲ್ಲಿ ಮೈನಸ್ 20 ಇದ್ದದ್ದು ಜೂನ್ ಕೊನೆಗೆ ಮೈನಸ್ 24 ಆದರೆ ಎಲ್ಲೋ ನೀರು ಹೊಕ್ಕಿದೆ, ಇಲ್ಲವೇ ಕೇಬಲ್ ಎಲ್ಲೋ ಮಡಚಿದೆ. ಪೂರ್ತಿ ಹೋಗುವ ಮೊದಲೇ ಫೋನ್ ಮಾಡಿ. ‘ನೆಟ್ ಸ್ಲೋ ಇದೆ’ ಅನ್ನುವ ದೂರಿಗೂ ‘4 ಡಿಬಿ ಬಿದ್ದಿದೆ’ ಅನ್ನುವ ದೂರಿಗೂ ಸಿಗುವ ಮರ್ಯಾದೆ ಬೇರೆ ಬೇರೆ.

ಕನೆಕ್ಟರ್ ಬಣ್ಣವನ್ನೂ ನೋಡಿ. ಹಸಿರು ಹಸಿರಿಗೆ, ನೀಲಿ ನೀಲಿಗೆ. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದ್ದು ನೇರ. ಬೆರಕೆ ಮಾಡಿ ಚುಚ್ಚಿದರೆ ಬೆಳಕು ಸೋರಿಹೋಗುತ್ತದೆ. ಮನೆಯೊಳಗೆ ಹಳದಿ ಅಥವಾ ಬಿಳಿ ವೈರನ್ನು ಕಿಟಕಿ ಸಂದಿಯಲ್ಲಿ ಚಪ್ಪಟೆ ಮಾಡುವುದು, ಮೊಳೆಗೆ ಸುತ್ತುವುದು ಬೇಡ. ಮಡಚಿದ ಜಾಗ ಗೊತ್ತಾಗದಿದ್ದರೆ ಲೈನ್‌ಮನ್ ಹತ್ತಿರ ಇರುವ ಕೆಂಪು ಲೇಸರ್ ಪೆನ್ನನ್ನು ಸಂಜೆಗತ್ತಲಲ್ಲಿ ಹಾಕಿಸಿ. ಮುರಿದ ಕಡೆ ಕೇಬಲ್ ಕೆಂಪಗೆ ಹೊಳೆಯುತ್ತದೆ. ಫೈಬರ್ ತುದಿಯನ್ನು ಮಾತ್ರ ಎಂದೂ ಕಣ್ಣಿಗೆ ನೇರ ಹಿಡಿದು ನೋಡಬೇಡಿ. ಅದರಲ್ಲಿ ನೆಟ್ ತರುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಹಂತ 5: ಕರೆಂಟು ಹೋದಾಗ

ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟು ಎರಡು ದಿನ ಬರದೇ ಇರುವುದು ನಮಗೇನೂ ಹೊಸದಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೋಡೆಮನ್ನು ಅದರ ಲೈನಿಗೆ ಹಾಕಿ. ಎಷ್ಟೋ ಮನೆಯಲ್ಲಿ ಇನ್ವರ್ಟರ್ ಇದ್ದೂ ಮೋಡೆಮ್ ಬೇರೆ ಪ್ಲಗ್‌ನಲ್ಲಿ ಇರುತ್ತದೆ. ಜಗಲಿಯ ಲೈಟು ಉರಿಯುತ್ತಿರುತ್ತದೆ, ನೆಟ್ ಇರುವುದಿಲ್ಲ.

ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆಂದೇ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಮೋಡೆಮ್ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ. ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 1.5 ಆಂಪ್ ಇರುತ್ತದೆ. ಯುಪಿಎಸ್ ಅಷ್ಟೇ ವೋಲ್ಟ್ ಕೊಡಬೇಕು, ಆಂಪ್ ಅದಕ್ಕಿಂತ ಕಡಿಮೆ ಇರಬಾರದು. ಎಷ್ಟು ಹೊತ್ತು ಬರುತ್ತದೆ ಅನ್ನುವ ಲೆಕ್ಕವೂ ಸುಲಭ. ಪೆಟ್ಟಿಗೆಯ ಮೇಲೆ ವ್ಯಾಟ್ ಅವರ್ ಎಷ್ಟು ಅಂತ ನೋಡಿ. ಮೋಡೆಮ್ ಸುಮಾರು 8 ವ್ಯಾಟ್ ತಿನ್ನುತ್ತದೆ ಅಂದುಕೊಳ್ಳಿ. 24 ವ್ಯಾಟ್ ಅವರ್ ಇದ್ದರೆ ಮೂರು ಗಂಟೆ ಸಿಗಬೇಕು, ಕೈಗೆ ಬರುವುದು ಅದಕ್ಕಿಂತ ಸ್ವಲ್ಪ ಕಡಿಮೆಯೇ. ‘10 ಗಂಟೆ ಬ್ಯಾಕಪ್’ ಅಂತ ದೊಡ್ಡದಾಗಿ ಬರೆದು ವ್ಯಾಟ್ ಅವರ್ ಬರೆಯದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಎರಡು ದಿನ ನಡೆಯಬೇಕು ಅನ್ನುವವರು 12 ವೋಲ್ಟಿನ ಸಣ್ಣ ಸೋಲಾರ್ ಪ್ಯಾನೆಲ್, ಬ್ಯಾಟರಿ ಮಾಡಿಕೊಳ್ಳುವುದೇ ವಾಸಿ. ಆದರೆ ಮೋಡ ಮುಚ್ಚಿದ ಜುಲೈನಲ್ಲಿ ಪ್ಯಾನೆಲ್‌ನಿಂದ ಬೇಸಿಗೆಯ ಲೆಕ್ಕ ಹಾಕಬೇಡಿ. ಬ್ಯಾಟರಿ ದೊಡ್ಡದಿರಲಿ.

ಆಚೆ ತುದಿಯ ಓಎಲ್‌ಟಿ ಸತ್ತರೆ ನಿಮ್ಮ ಬ್ಯಾಟರಿ ಇದ್ದೂ ಪ್ರಯೋಜನ ಇಲ್ಲ. ಎರಡನೇ ಹಂತದಲ್ಲಿ ಆ ಪ್ರಶ್ನೆ ಕೇಳಲು ಹೇಳಿದ್ದು ಅದಕ್ಕೇ. ಕೇರಿಯವರು ಕೂಡಿ ಆಪರೇಟರಿಗೆ ಒಂದು ಹಳೇ ಇನ್ವರ್ಟರ್ ಬ್ಯಾಟರಿ ಕೊಟ್ಟರೂ ತಪ್ಪೇನಿಲ್ಲ. ಲಾಭ ನಮಗೇ.

ಹಂತ 6: ಸಿಡಿಲು

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮತ್ತು ಹಿಂಗಾರಿನ ಗುಡುಗು, ಈ ಎರಡು ಹೊತ್ತಿನಲ್ಲಿ ಮೋಡೆಮ್‌ಗಳು ಸಾಲಾಗಿ ಸಾಯುತ್ತವೆ. ಆಷಾಢದ ಜಡಿಮಳೆಗೆ ಅಷ್ಟು ಸಾಯುವುದಿಲ್ಲ. ಗುಡುಗು ಕೇಳಿಸಿದ ಕೂಡಲೇ ಅಡಾಪ್ಟರನ್ನು ಗೋಡೆಯಿಂದ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಕೀಳಬೇಕು. ಲ್ಯಾನ್ ಕೇಬಲ್ ಇದ್ದರೆ ಅದನ್ನೂ ತೆಗೆಯಿರಿ. ಕೊಟ್ಟಿಗೆಯ ಸಿಸಿಟಿವಿಗೋ ಔಟ್‌ಹೌಸಿಗೋ ಅಂಗಳದ ಮೇಲೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಅದೇ ಸಿಡಿಲಿಗೆ ಹೆಬ್ಬಾಗಿಲು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಫೈಬರ್ ತುಂಡನ್ನೇ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಸಣ್ಣ ಪೆಟ್ಟಿಗೆ) ಹಾಕಿ. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡಬೇಕಾದರೆ ಅರ್ಥಿಂಗ್ ಚೆನ್ನಾಗಿರಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಮನೆಗಳು ಎಷ್ಟಿವೆ ಹೇಳಿ!

ಹಂತ 7: ಮನೆಯೊಳಗೆ

ಚಿರೆಕಲ್ಲಿನ ದಪ್ಪ ಗೋಡೆ ವೈಫೈಯನ್ನು ನುಂಗುತ್ತದೆ. 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತು, 2.4 ಸ್ವಲ್ಪ ದೂರ ಹೋಗುತ್ತದೆ, ವೇಗ ಕಡಿಮೆ. ಕೇಬಲ್ ಬಂದ ಮೂಲೆಯಲ್ಲೇ ಮೋಡೆಮ್ ಇಡುವ ಬದಲು ಮನೆಯ ನಡುವಿನ ಕೋಣೆಗೆ ತನ್ನಿ. ಎತ್ತರದಲ್ಲಿಡಿ. ಫ್ರಿಜ್ ಹಿಂದೆ, ಕಬ್ಬಿಣದ ಕಪಾಟಿನ ಪಕ್ಕ ಬೇಡ. ದೊಡ್ಡ ಮನೆಯಾದರೆ ಲ್ಯಾನ್ ಕೇಬಲ್ ಎಳೆದು ಇನ್ನೊಂದು ರೂಟರ್ ಇಡಿ. ಒಂದೇ ತುಂಡು 100 ಮೀಟರ್ ತನಕ ನಡೆಯುತ್ತದೆ. ಗೋಡೆಗೆ ಚುಚ್ಚುವ ಅಗ್ಗದ ರಿಪೀಟರ್ ಬರೀ ಕಿರಿಕಿರಿ.

ಟವರ್ ಸಿಗದ ಮನೆಯಲ್ಲಿ ಫೈಬರ್ ಬಂದ ಮೇಲೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ವೈಫೈ ಕಾಲಿಂಗ್ ಆನ್ ಮಾಡಿ. ಜಿಯೋ, ಏರ್‌ಟೆಲ್ ಎರಡಕ್ಕೂ ಇದೆ. ಕರೆ ವೈಫೈ ಮೇಲೆಯೇ ಬರುತ್ತದೆ, ಹೆಚ್ಚಿನ ಫೋನ್‌ಗಳಲ್ಲಿ ಒಟಿಪಿಯೂ ಬರುತ್ತದೆ. ಒಟಿಪಿಗೋಸ್ಕರ ಗುಡ್ಡ ಹತ್ತುವ ಕೆಲಸ ತಪ್ಪುತ್ತದೆ.

ಹಂತ 8: ಫೈಬರೇ ಬರದ ಮನೆಗೆ

ಜೊಯಿಡಾ ಕಡೆಯ ಒಂಟಿ ಮನೆಗಳಿಗೆ, ಘಟ್ಟದ ಇಳಿಜಾರಿನ ಮನೆಗಳಿಗೆ ಮೊಬೈಲ್ ಸಿಗ್ನಲ್ಲೇ ಗತಿ. ಇಲ್ಲಿ ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಹೊಡೆದರೆ ಅನೇಕ ಫೋನುಗಳಲ್ಲಿ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಆರ್‌ಎಸ್‌ಆರ್‌ಪಿ ನೋಡಿ, ಅದೇ ಸಿಗ್ನಲ್ ಬಲದ ಅಂಕೆ. ಮೈನಸ್ 90ಕ್ಕಿಂತ ಒಳಗಿದ್ದರೆ ಒಳ್ಳೆಯದು, ಮೈನಸ್ 105 ಅಂದರೆ ನಡೆಯುತ್ತದೆ, ಮೈನಸ್ 115 ದಾಟಿದರೆ ಕಷ್ಟ. ಎಲ್ಲ ಕಂಪನಿಯ ಸಿಮ್ ಹಾಕಿ ಅಂಗಳ, ಮಾಡು, ಬಾವಿಕಟ್ಟೆ, ತೋಟದ ತಲೆ, ಎಲ್ಲ ಕಡೆ ನಿಂತು ಬರೆದುಕೊಳ್ಳಿ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ 10 ಡಿಬಿ ಏರುವುದುಂಟು.

ಜಾಗ ಸಿಕ್ಕಿತು ಅಂದರೆ ಹೊರಗೆ ಇಡುವ 4ಜಿ ರೂಟರ್ ತಗೊಳ್ಳಿ, ಜಿಐ ಪೈಪಿನ ಮೇಲೆ ಮಾಡಿಗಿಂತ ಎತ್ತರಕ್ಕೆ ಏರಿಸಿ. ಒಳಗೆ ರೂಟರ್ ಇಟ್ಟು ಹೊರಗಿನ ಆಂಟೆನಾದಿಂದ 20 ಮೀಟರ್ ವೈರ್ ಎಳೆದರೆ ಸಿಕ್ಕ ಸಿಗ್ನಲ್ ವೈರಿನಲ್ಲೇ ಕರಗುತ್ತದೆ. ಪೈಪಿಗೆ ಅರ್ಥಿಂಗ್ ಮಾಡಿಸಿ. ಈ ಜೋಡಣೆ ಮತ್ತು ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ಸುಮ್ಮನಾಗಬೇಡಿ. ನೆನೆದ ಎಲೆಗಳು ಸಿಗ್ನಲ್ ತಡೆಯುತ್ತವೆ. ಮೇನಲ್ಲಿ ಮೈನಸ್ 108 ಇದ್ದದ್ದು ಆಗಸ್ಟಿನಲ್ಲಿ ಕೈಕೊಡಬಹುದು. ಟವರ್ ದಿಕ್ಕಿಗೆ ದೊಡ್ಡ ಮರ ಇಲ್ಲದ ಕಡೆಯೇ ಕಂಬ ನೆಡಿ.

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ಮಾರುತ್ತಾರೆ. ಬೇಡವೇ ಬೇಡ. ಅನುಮತಿ ಇಲ್ಲದೆ ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಸುತ್ತಲಿನವರ ಸಿಗ್ನಲನ್ನೂ ಅದು ಕೆಡಿಸುತ್ತದೆ. ಸಿಮ್ ಪ್ಲಾನ್ ನೋಡುವಾಗ ದಿನದ ಮಿತಿ ಗಮನಿಸಿ. ದಿನಕ್ಕೆ 2 ಜಿಬಿ ಮುಗಿದ ಮೇಲೆ ಸಿಗುವ 64 ಕೆಬಿಪಿಎಸ್‌ನಲ್ಲಿ ವಾಟ್ಸ್ಆ್ಯಪ್ ಫೋಟೊ ಕೂಡ ತೆರೆಯುವುದಿಲ್ಲ.

ಎದುರು ಗುಡ್ಡದ ನೆಂಟರ ಮನೆಗೆ ಫೈಬರ್ ಇದ್ದು, ಅವರ ಮಾಡು ನಿಮ್ಮ ಮಾಡಿನಿಂದ ಕಾಣುತ್ತಿದ್ದರೆ ಇನ್ನೊಂದು ದಾರಿ ಇದೆ. 5 ಗಿಗಾಹರ್ಟ್ಸ್‌ನ ಎರಡು ವೈರ್‌ಲೆಸ್ ಸೇತುವೆ ರೇಡಿಯೊ ಎದುರುಬದುರು ಕಟ್ಟಿದರೆ ಒಂದೆರಡು ಕಿಲೋಮೀಟರ್ ಆರಾಮಾಗಿ ದಾಟುತ್ತದೆ. ಆ ತರಂಗಕ್ಕೆ 2018ರಿಂದ ಲೈಸೆನ್ಸ್ ಬೇಡ. ನಡುವೆ ಒಂದೇ ಒಂದು ತೆಂಗಿನ ಮರದ ತಲೆ ಅಡ್ಡ ಬಂದರೂ ಹಾಳು. ಒಂದು ಮಾತು: ಹೀಗೆ ಹಂಚಿ ದುಡ್ಡು ವಸೂಲಿ ಮಾಡಿದರೆ ಅದು ಲೈಸೆನ್ಸ್ ಬೇಕಾದ ವ್ಯಾಪಾರ ಆಗುತ್ತದೆ. ಸುಮ್ಮನೆ ಹಂಚಿಕೊಳ್ಳುವುದಕ್ಕೂ ಕಂಪನಿಯ ಕರಾರಿನಲ್ಲಿ ಅವಕಾಶ ಇದೆಯಾ ಅಂತ ಓದಿ ನೋಡಿ.

ಹಂತ 9: ಎರಡನೇ ದಾರಿ

ಮನೆಯಿಂದಲೇ ಸಂಬಳದ ಕೆಲಸ ಮಾಡುವವರಿಗೆ ಒಂದೇ ಲೈನ್ ಸಾಲದು. ಆದರೆ ಎರಡನೆಯದನ್ನು ಆರಿಸುವಾಗ ಅವಸರ ಬೇಡ. ಫೈಬರ್ ಸತ್ತ ದಿನವೇ ಊರಿನ ಮೂರು ನಾಲ್ಕು ಸಿಮ್‌ಗಳನ್ನು ಪರೀಕ್ಷೆ ಮಾಡಿ. ಯಾವುದರಲ್ಲಿ ಡೇಟಾ ಬರುತ್ತಿದೆ? ನಿಮ್ಮ ಫೈಬರೂ ಗುಡ್ಡದ ಟವರೂ ಒಂದೇ ಕೇಬಲಿನಿಂದ ನೆಟ್ ಪಡೆಯುತ್ತಿದ್ದರೆ ಎರಡೂ ಒಟ್ಟಿಗೆ ಸಾಯುತ್ತವೆ. ಸಿಗ್ನಲ್ ಪೂರ್ತಿ ತೋರಿಸುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ಆ ದಿನ ಬದುಕಿದ ಸಿಮ್ ಯಾವುದೋ ಅದೇ ನಿಮ್ಮ ಎರಡನೇ ದಾರಿ, ಬೇರೆ ದಿನ ಅದು ನಿಧಾನ ಇದ್ದರೂ ಸರಿ. ಕ್ಯಾಲೆಂಡರಿನಲ್ಲಿ ಎರಡು ಮೂರು ಸಲ ಗುರುತು ಹಾಕಿಕೊಂಡರೆ ಚಿತ್ರ ಸ್ಪಷ್ಟ ಆಗುತ್ತದೆ.

ವ್ಯಾನ್ ಪೋರ್ಟ್ (ಫೈಬರ್ ಮೋಡೆಮಿನ ವೈರ್ ಚುಚ್ಚುವ ಜಾಗ) ಇರುವ 4ಜಿ ರೂಟರ್ ತಗೊಂಡರೆ ಫೈಬರ್ ಹೋದಾಗ ಅದು ತಾನಾಗಿಯೇ ಸಿಮ್‌ಗೆ ಬದಲಾಯಿಸಿಕೊಳ್ಳುತ್ತದೆ. ಮೀಟಿಂಗ್ ನಡುವೆ ಹಾಟ್‌ಸ್ಪಾಟ್ ಹುಡುಕುವ ಪರದಾಟ ಇಲ್ಲ. ಉಪಗ್ರಹದ ಇಂಟರ್ನೆಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ಸ್ಟಾರ್‌ಲಿಂಕ್‌ಗೆ 2025ರ ಜೂನಿನಲ್ಲಿ ನಮ್ಮ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು. ಅಡಿಕೆ ತೋಟದ ಮನೆಗೆ ಅದರಲ್ಲೂ ಒಂದು ತೊಡಕಿದೆ: ಅದರ ತಟ್ಟೆಗೆ ದೊಡ್ಡ ತೆರೆದ ಆಕಾಶ ಬೇಕು. ಮರದ ಸಂದಿಯಲ್ಲಿ ಕಾಣುವ ಆಕಾಶ ಸಾಲುವುದಿಲ್ಲ.

ಹಂತ 10: ಕೆಟ್ಟಾಗ ಏನು ಮಾಡಬೇಕು

ಮೊದಲು ಮೋಡೆಮ್ ದೀಪ ನೋಡಿ. ಲಾಸ್ ಅಂತ ಬರೆದ ಕಡೆ ಕೆಂಪು ಇದ್ದರೆ ಬೆಳಕೇ ಬರುತ್ತಿಲ್ಲ. ಕೇಬಲ್ ಕಡಿದಿದೆ, ಇಲ್ಲವೇ ಓಎಲ್‌ಟಿ ಆರಿದೆ. ಪಕ್ಕದ ಮನೆಗೂ ಕೆಂಪು ಇದೆಯಾ ಅಂತ ಕೇಳಿ. ಅವರದ್ದು ಹಸಿರಿದ್ದರೆ ತೊಂದರೆ ನಿಮ್ಮ ತುಂಡಿನಲ್ಲಿ. ನಡೆದು ನೋಡಿ, ಬಿದ್ದ ಕೊಂಬೆಯ ಫೋಟೊ ತೆಗೆದು ಕಳಿಸಿ. ಹೆಸ್ಕಾಂ ತಂತಿ ಹತ್ತಿರ ಬಿದ್ದಿದ್ದರೆ ಮಾತ್ರ ಮುಟ್ಟಬೇಡಿ. ಲಾಸ್ ಇಲ್ಲ, ಪಾನ್ ದೀಪ ಸ್ಥಿರವಾಗಿದೆ, ಆದರೂ ನೆಟ್ ಇಲ್ಲ ಅಂದರೆ ಮೊದಲು 192.168.1.1ಕ್ಕೆ, ಆಮೇಲೆ 8.8.8.8ಕ್ಕೆ ಪಿಂಗ್ ಮಾಡಿ, ಅಂದರೆ ಅಲ್ಲಿಂದ ಉತ್ತರ ಬರುತ್ತದೆಯಾ ಅಂತ ಪರೀಕ್ಷಿಸಿ. ಮೊದಲನೆಯದು ಬಾರದಿದ್ದರೆ ತೊಂದರೆ ನಿಮ್ಮ ವೈಫೈಯದ್ದು. ಎರಡನೆಯದು ಬಾರದಿದ್ದರೆ ಕಂಪನಿಯದ್ದು. ಎರಡೂ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ನೋಡಿ. ಮೋಡೆಮ್ ಪದೇ ಪದೇ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ ಬಹುಪಾಲು ಅಡಾಪ್ಟರ್ ಹೋಗಿರುತ್ತದೆ. ಅದೇ ವೋಲ್ಟಿನ ಇನ್ನೊಂದು ಅಡಾಪ್ಟರ್ ಮನೆಯಲ್ಲಿರಲಿ.

ಲೈನ್‌ಮನ್‌ಗೆ ಫೋನ್ ಮಾಡುವುದು ಹೇಗೂ ಇದ್ದೇ ಇದೆ. ಜೊತೆಗೆ ಕಂಪನಿಯ ಸಹಾಯವಾಣಿಗೂ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಲೈನ್‌ಮನ್‌ಗೆ ಮಾಡಿದ ನೂರು ಫೋನಿಗೂ ದಾಖಲೆ ಇರುವುದಿಲ್ಲ, ಒಂದು ಡಾಕೆಟ್‌ಗೆ ಇರುತ್ತದೆ. ಅದರಿಂದ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. 2012ರ ಟ್ರಾಯ್ ನಿಯಮದ ಪ್ರಕಾರ ಪ್ರತಿ ಕಂಪನಿಗೂ ಅದು ಇರಲೇಬೇಕು, ಶುಲ್ಕ ಇಲ್ಲ. ಲೈನು ಬಂದ್ ಇದ್ದ ದಿನಗಳಿಗೆ ಬಿಲ್ಲಿನಲ್ಲಿ ಕಡಿತವನ್ನೂ ಅದರಲ್ಲೇ ಕೇಳಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಅದಕ್ಕೂ ಜಗ್ಗದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಯನ್ನು ಆರಿಸಿ ದೂರು ಹಾಕಿ. ಡಾಕೆಟ್ ನಂಬರ್, ಕ್ಯಾಲೆಂಡರಿನಲ್ಲಿ ಬರೆದ ದಿನಾಂಕಗಳು, ಡಿಬಿಎಂ ಅಂಕೆ, ಕೆಂಪು ದೀಪದ ಫೋಟೊ ಎಲ್ಲ ಸೇರಿಸಿ. ಉದ್ದ ಗೋಳು ಬರೆಯಬೇಡಿ, ಅರ್ಧ ಪುಟ ಸಾಕು.

ಕೊನೆಯದಾಗಿ ಗ್ರಾಹಕರ ಆಯೋಗ ಇದೆ. ಟೆಲಿಕಾಂ ಕಂಪನಿಗಳ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟ ಮಾಡಿದೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ನಮ್ಮ ಜಿಲ್ಲೆಯ ಆಯೋಗ ಇರುವುದು ಕಾರವಾರದಲ್ಲಿ. ಅರ್ಜಿ ಹಾಕಲು ಘಟ್ಟ ಇಳಿದು ಹೋಗಬೇಕಾಗಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ನೆಟ್ ಇದ್ದ ದಿನ.